ರುಬ್ಬಿದವರೇ ಬರಬೇಕು

ಕೇಳದೆ ಬುದ್ಧಿ ಹೇಳುವವರನ್ನು ಕಂಡರೆ ಯಾರಿಗೂ ಆಗುವುದಿಲ್ಲ. ನನಗೂ ಗೊತ್ತು. ಆದರೂ ಹತ್ತು ಹನ್ನೆರಡು ವರ್ಷ ನಾನು ಮಾಡಿದ್ದು ಅದನ್ನೇ. ಬಸವನ ಬಾಗೇವಾಡಿಯ ಬಜಾರಿನಲ್ಲಿ ಕುಳಿತು, ಗುರುತಿಲ್ಲದವರಿಗೆ, ಹೆಸರೂ ಕೇಳದೆ ಹೇಳಿದೆ. ವೋಲ್ಟೇಜ್ ಇಳಿದು ಬಲ್ಬು ಕೆಂಪಗೆ ಉರಿಯುತ್ತಿರುವಾಗ ಮಿಕ್ಸರ್ ಹಚ್ಚಬೇಡಿ, ಹುರಿದ ಶೇಂಗಾ ಆರುವ ಮೊದಲೇ ಜಾರಿಗೆ ಸುರಿಯಬೇಡಿ, ಟೇಪ್ ರೆಕಾರ್ಡರಿನ ಒಳಭಾಗವನ್ನು ಸೆರಗಿನ ತುದಿಯಿಂದ ಒರೆಸಬೇಡಿ. ಇದಕ್ಕಾಗಿ ಮನೆಯಲ್ಲಿ ಬೈಸಿಕೊಂಡೆ, ಓಣಿಯಲ್ಲಿ ಬೈಸಿಕೊಂಡೆ. ಇವತ್ತು ಬರೆಯಲು ಕುಳಿತಾಗಲೂ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಬೈದವರಲ್ಲಿ ಅರ್ಧ ಜನರ ಮಿಕ್ಸರನ್ನು ನಾನೇ ರಿಪೇರಿ ಮಾಡಿದ್ದೇನೆ.

ನಮ್ಮಪ್ಪನದು ಮೋಟರ್ ಸುತ್ತುವ ಅಂಗಡಿ. ಹೊಲದ ಪಂಪಿನ ಮೋಟರ್ ಸುಟ್ಟುಹೋದರೆ ಅದರೊಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಮೇಲೆ ವಾರ್ನಿಶ್ ಹಚ್ಚಿ ಒಣಗಿಸಿ ಕೊಡುವ ಕೆಲಸ. ಅಪ್ಪ ಸುತ್ತುವಾಗ ಸುತ್ತು ಎಣಿಸುವುದು ಚಿಕ್ಕಂದಿನಲ್ಲಿ ನನ್ನ ಪಾಲಿಗೆ ಬಂದಿತ್ತು. ಎಣಿಸುತ್ತ ಎಣಿಸುತ್ತ ಸುತ್ತುವುದನ್ನೂ ಕಲಿತೆ. ಮುಂದೆ ಮದುವೆಯಾಗಿ ಹೋದೆ, ಎರಡು ವರ್ಷಕ್ಕೆ ತಿರುಗಿ ಬಂದೆ. ಯಾಕೆ ಬಂದೆ ಎಂದು ಆಗ ಯಾರಿಗೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಬಂದಾಗ ಅಪ್ಪನ ಕೈ ನಡುಗಲು ಶುರುವಾಗಿತ್ತು. ನನ್ನ ಕೈ ನೆಟ್ಟಗಿತ್ತು. ಅಷ್ಟಕ್ಕೇ ನನಗೆ ಅಂಗಡಿಯೊಳಗೆ ಜಾಗ ಸಿಕ್ಕಿತು.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಗಲ್ಲೆಯ ಮೇಲೆ, ದುಡ್ಡಿನ ಪೆಟ್ಟಿಗೆಯ ಮುಂದೆ ಕುಳಿತ. ನಾನು ಪರದೆಯ ಹಿಂದೆ. ಆ ಪರದೆ ಅವ್ವನದೇ. ತನ್ನ ಹಸಿರು ಇಳಕಲ್ ಸೀರೆಯೊಂದನ್ನು ಕತ್ತರಿಸಿ, ಅಂಚು ಮಡಚಿ, ಕೈಯಿಂದಲೇ ಹೊಲಿದು ತೂಗುಹಾಕಿಸಿದ್ದಳು. ಹೊರಗೆ ಅಣ್ಣ ಗಿರಾಕಿಗಳ ಜೊತೆ ಮಾತಾಡಬೇಕು, ಒಳಗೆ ನಾನು ಕೆಲಸ ಮಾಡಬೇಕು. ತವರಿಗೆ ಬಂದು ಕುಳಿತ ಮಗಳು ಕಂಡಕಂಡ ಊರಿನ ಗಂಡಸರಿಗೆ ಮುಖ ತೋರಿಸಬಾರದು ಎಂಬುದು ಅವ್ವನ ಲೆಕ್ಕ. ಮೋಟರ್ ಯಾರು ಸುತ್ತುತ್ತಾರೆಂದು ಕೇಳಿದವರಿಗೆ ಅಣ್ಣ, "ಒಳಗ ಒಬ್ಬ ಮಿಸ್ತ್ರಿ ಅದಾನ್ರಿ" ಎನ್ನುತ್ತಿದ್ದ. ಆ ಮಿಸ್ತ್ರಿ ನಾನು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆ ಪ್ರತಿ ಮದುವೆಯಲ್ಲೂ ಒಂದಾದರೂ ಮಿಕ್ಸರ್ ಆಹೇರಿಯ ಉಡುಗೊರೆಯಾಗಿ ಬರತೊಡಗಿತು. ಬಂದ ಮಿಕ್ಸರು ಆರು ತಿಂಗಳಿಗೆ ನಮ್ಮ ಅಂಗಡಿಗೆ ಬರುತ್ತಿತ್ತು. ತರುವವರು ಗಂಡಸರು. ಮಷಿನ್ ಅಂದಮೇಲೆ ಗಂಡಸರೇ ಒಯ್ಯಬೇಕು ಎಂಬುದು ಇಂಡಿ ತಾಲೂಕಿನಿಂದ ಮುದ್ದೇಬಿಹಾಳದವರೆಗೆ ಎಲ್ಲರೂ ಒಪ್ಪಿಕೊಂಡಿದ್ದ ಪದ್ಧತಿ. ಆದರೆ ಆ ಮಷಿನ್ನಿನ ಗುಂಡಿಯನ್ನು ಆ ಗಂಡಸು ಜನ್ಮದಲ್ಲಿ ಒಮ್ಮೆಯೂ ಮುಟ್ಟಿರುತ್ತಿರಲಿಲ್ಲ. "ಏನ್ ರುಬ್ಬಾಕ ಹೋಗಿದ್ರು?" ಎಂದು ಅಣ್ಣ ಕೇಳಿದರೆ, "ನನಗೇನ್ ಗೊತ್ರಿ, ಬಂದ್ ಬಿದ್ದೈತಿ, ಸಜ್ಜ ಮಾಡ್ರಿ" ಎನ್ನುವುದು ಒಂದೇ ಉತ್ತರ.

ನನಗೆ ಇದರಿಂದ ಸಿಟ್ಟು ಬರುತ್ತಿತ್ತು. ಡಾಕ್ಟರ ಹತ್ತಿರ ಗಂಡ ಹೋಗಿ ಹೆಂಡತಿಯ ಹೊಟ್ಟೆನೋವು ಹೇಳಿದ ಹಾಗೆ. ಜಾರು ಮೂಸಿ ನೋಡಿ ಏನಾಗಿದೆ ಎಂದು ನಾನೇ ಊಹಿಸಬೇಕು. ಬೆಳ್ಳುಳ್ಳಿ, ಖಾರ, ಶೇಂಗಾ ಎಣ್ಣೆಯ ಜಿಡ್ಡು. ನಮ್ಮ ಮನೆಗಳಲ್ಲಿ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಇಲ್ಲದೆ ಊಟ ಮುಗಿಯುವುದಿಲ್ಲ. ಅದನ್ನು ಒಳ್ಳಿನಲ್ಲಿ, ಒರಳುಕಲ್ಲಿನಲ್ಲಿ, ಕುಟ್ಟಬೇಕು. ಕುಟ್ಟಿದ ಕೈಗಳು ಮಿಕ್ಸರಿಗೂ ಅದೇ ಧೈರ್ಯದಿಂದ ಜಾರಿನ ಕುತ್ತಿಗೆಯವರೆಗೆ ಶೇಂಗಾ ತುಂಬಿ, ಗುಂಡಿ ತಿರುವಿ, ರೊಟ್ಟಿ ಬಡಿಯಲು ಹೋಗಿಬಿಡುತ್ತಿದ್ದವು. ಇತ್ತ ಶೇಂಗಾ ಎಣ್ಣೆ ಬಿಟ್ಟು ಕೆಸರಾಗಿ ಬ್ಲೇಡಿಗೆ ಅಂಟಿ, ಮೋಟರ್ ಹೊಗೆ ಎಬ್ಬಿಸುತ್ತಿತ್ತು.

ತಡೆಯಲಾರದೆ ಪರದೆಯ ಹಿಂದಿನಿಂದಲೇ ಕೂಗಿ ಹೇಳುತ್ತಿದ್ದೆ. "ಅರ್ಧ ಜಾರ್ ಹಾಕ್ರಿ ಅಂತ ಹೇಳ್ರಿ ಮನ್ಯಾಗ!" ಹೊರಗಿನವನು ಬೆಚ್ಚಿಬಿದ್ದು ಅಣ್ಣನ ಮುಖ ನೋಡುತ್ತಿದ್ದ. ಎಷ್ಟೋ ಮಿಕ್ಸರುಗಳಿಗೆ ಏನೂ ಆಗಿರುತ್ತಿರಲಿಲ್ಲ. ಭಾರ ಹೆಚ್ಚಾದಾಗ ತಳದಲ್ಲಿರುವ ಕೆಂಪು ಗುಂಡಿ ಹೊರಗೆ ಚಿಮ್ಮಿ ಮಿಕ್ಸರ್ ತಾನಾಗಿ ನಿಲ್ಲುತ್ತದೆ. ಒಂದಿಷ್ಟು ಹೊತ್ತು ಆರಲು ಬಿಟ್ಟು, ಬೆರಳಿನಿಂದ ಒತ್ತಿದರೆ ಮತ್ತೆ ತಿರುಗುತ್ತದೆ. ನಾನು ಪರದೆಯ ಸಂದಿಯಿಂದ ಕೈ ಚಾಚಿ ಆ ಗುಂಡಿ ಒತ್ತಿ ತೋರಿಸಿ ವಾಪಸ್ ಕಳಿಸುತ್ತಿದ್ದೆ.

"ಎಲ್ಲಾರಿಗೂ ಆ ಗುಂಡಿ ತೋರಿಸಿ ಕಳಿಸಿದ್ರ ನಾವು ಬಾಗಲಾ ಮುಚಗೊಂಡು ಮನಿಗೆ ಹೋಗೂದ ಚೊಲೊ" ಎಂದು ಅಣ್ಣ ಗೊಣಗುತ್ತಿದ್ದ.

"ಕೆಟ್ಟದ್ದು ರಿಪೇರಿ ಮಾಡೂದು ನಮ್ಮ ದಂಧೆ. ಕೆಡದ ಇದ್ದದ್ದಕ್ಕ ಕೆಟ್ಟೈತಿ ಅನ್ನೂದು ಬ್ಯಾರೆ ದಂಧೆ" ಎಂದೆ ಒಮ್ಮೆ.

ಹೀಗೇ ನಡೆಯುತ್ತಿದ್ದಾಗ ಕೊಲ್ಹಾರದ ಒಂದು ಮಿಕ್ಸರು ಒಂದೇ ವರ್ಷದಲ್ಲಿ ಮೂರನೆಯ ಸಲ ಬಂತು. ಎರಡು ಸಲ ನಾನೇ ಅದರ ತಂತಿ ಸುತ್ತಿದ್ದೆ. ಮೂರನೆಯ ಸಲವೂ ಅದೇ ಕರಕಲು, ಅದೇ ಬೆಳ್ಳುಳ್ಳಿ ವಾಸನೆ. ತಂದ ಯಜಮಾನರು ಬಿಳಿ ಪಟಗಾ ಸುತ್ತಿದ ಹಿರಿಯರು. ನನ್ನ ಕೈಕೆಲಸವೇ ಸರಿಯಿಲ್ಲ ಎಂದು ಹೊರಗೆ ಜೋರಾಗಿ ಹೇಳುತ್ತಿದ್ದರು. "ನಿಮ್ಮ ಮಿಸ್ತ್ರಿಗೆ ಕೆಲಸ ಬರೂದಿಲ್ಲ. ಬದಲಿ ಮಾಡ್ರಿ ಅಂವನ."

ನನ್ನ ಕೆಲಸಕ್ಕೆ ಹೆಸರಿಟ್ಟಾಗ ನಾನು ಒಳಗೆ ಕುಳಿತಿರಲಾರೆ. ಪರದೆ ಸರಿಸಿ ಹೊರಗೆ ಬಂದೆ. ಕೈಗೆಲ್ಲ ವಾರ್ನಿಶ್. ತಲೆಯ ಮೇಲೆ ಸೆರಗೂ ಇರಲಿಲ್ಲ.

"ಮಿಸ್ತ್ರಿ ನಾನರಿ. ಸುತ್ತಿದ್ದು ಬರೋಬರಿ ಐತಿ. ರುಬ್ಬಿದವ್ರನ್ನ ಕಳಸ್ರಿ, ಅವ್ರ ಜೋಡಿ ಮಾತಾಡಬೇಕು."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಮ್ಮ ಮನಿ ಹೆಣಮಕ್ಕಳು ಅಂಗಡಿ ಕಟ್ಟಿ ಏರೂದಿಲ್ಲ."

"ಹಂಗಾದ್ರ ಮಿಕ್ಸರೂ ಏರೂದು ಬ್ಯಾಡ್ರಿ. ಒಯ್ಯಿರಿ."

ಬಜಾರಿನಲ್ಲಿ ನಿಂತಿದ್ದ ನಾಲ್ಕು ಜನ ಕೇಳಿಸಿಕೊಂಡರು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಯಜಮಾನರು ಮಿಕ್ಸರನ್ನು ಅಲ್ಲೇ ಬಿಟ್ಟು ಹೋಗಿದ್ದರು. ಅವರ ಸಿಟ್ಟಿಗಿಂತ ಮನೆಯವರ ಸಿಟ್ಟು ದೊಡ್ಡದಾಗಿತ್ತು. ಅವ್ವ ಊಟಕ್ಕೆ ಕರೆಯಲಿಲ್ಲ. ತಾಟು ನನ್ನ ಮುಂದೆ ಸರಿಸಿ ಗೋಡೆಯ ಕಡೆ ಮುಖ ಮಾಡಿ ಹೇಳಿದಳು.

"ಗುರ್ತಿಲ್ಲ ಪತ್ತೆಯಿಲ್ಲ, ಅಂಥಾ ಮಂದಿ ಜೋಡಿ ನಿನಗೇನ್ ಮಾತು? ನಾ ಆ ಪರದೆ ಯಾಕ ಹೊಲದೇನಿ? ನಾಳೆ ಓಣ್ಯಾಗ ನಾ ಹ್ಯಾಂಗ ಮಾರಿ ತೋರಸ್ಲಿ?"

ಅಣ್ಣ ಅದಕ್ಕೆ ತನ್ನದೊಂದು ಮಾತು ಸೇರಿಸಿದ. "ಇನ್ನೊಮ್ಮೆ ಪರದೆ ದಾಟಿ ಬಂದ್ರ ಮನ್ಯಾಗ ಕೂಡು. ಅಂಗಡಿಗೆ ಬರೂದು ಬ್ಯಾಡ."

ಆ ಮಾತಿಗೆ ನಾನು ಹೆದರಿದೆ. ಸುಳ್ಳೇಕೆ ಹೇಳಲಿ. ಆ ಅಂಗಡಿ ಬಿಟ್ಟರೆ ನನ್ನದು ಅನ್ನುವುದು ಊರಲ್ಲಿ ಏನೂ ಇರಲಿಲ್ಲ. ಗಂಡನ ಮನೆ ಇರಲಿಲ್ಲ, ತವರಿನಲ್ಲಿ ಮೂಲೆಯೊಂದಿತ್ತು. ಅಪ್ಪ ಬಿಟ್ಟುಹೋದ ಸುತ್ತುವ ಚಕ್ರದ ಮುಂದೆ ಕುಳಿತಾಗ ಮಾತ್ರ ನಾನು ಯಾರ ಋಣದಲ್ಲೂ ಇಲ್ಲ ಅನಿಸುತ್ತಿತ್ತು. ಅದನ್ನು ಕಳೆದುಕೊಂಡರೆ ಬದುಕಿಡೀ ಅವ್ವನ ಅಡಿಗೆಮನೆಯಲ್ಲಿ ಕಾಯಿಪಲ್ಲೆ ಹೆಚ್ಚುತ್ತ ಕೂಡಬೇಕಾಗಿತ್ತು. ಎಂಟು ದಿನ ಬಾಯಿ ಹೊಲಿದುಕೊಂಡು ಪರದೆಯ ಹಿಂದೆ ಕುಳಿತೆ. ಒಂದು ಸಲಹೆಯನ್ನೂ ಕೊಡಲಿಲ್ಲ. ಕೆಂಪು ಗುಂಡಿ ಚಿಮ್ಮಿದ ಮಿಕ್ಸರುಗಳನ್ನು ಅಣ್ಣ ಎರಡು ದಿನ ಇಟ್ಟುಕೊಂಡು, ರಿಪೇರಿ ಆಯಿತೆಂದು ಕೊಟ್ಟ. ನನ್ನ ಮೈ ಉರಿಯಿತು.

ಮುಂದಿನ ಸಂತೆಯ ದಿನ ಒಬ್ಬ ಹೆಂಗಸು ಅಂಗಡಿಯ ಕಟ್ಟೆ ಹತ್ತಿ ಬಂದಳು. ಐವತ್ತರ ಆಸುಪಾಸು, ಕೈಯಲ್ಲಿ ಹಿಂಡಿಯ ಡಬ್ಬಿ. ಅಣ್ಣನನ್ನು ನೋಡಲೇ ಇಲ್ಲ. ಪರದೆಯ ಕಡೆ ನೋಡಿ ಕೇಳಿದಳು.

"ಮಿಸ್ತ್ರಿ ಹೆಣಮಗಳು ಎಲ್ಲೆದಾಳ್ರಿ? ರುಬ್ಬಿದಾಕಿ ಬಂದೇನಿ ಅಂತ ಹೇಳ್ರಿ."

ನಾನು ಒಳಗೆ ಕುಳಿತು ಕೇಳಿಸಿಕೊಂಡೆ. ಪರದೆ ಸರಿಸಿದರೆ ಅಂಗಡಿ ಹೋಗುತ್ತದೆ. ಸರಿಸದಿದ್ದರೆ ಕೊಲ್ಹಾರದಿಂದ ಬಸ್ ಹಿಡಿದು ಬಂದವಳು ತಿರುಗಿ ಹೋಗುತ್ತಾಳೆ. ಹೆಚ್ಚು ಹೊತ್ತು ಯೋಚಿಸಲಿಲ್ಲ. ಸರಿಸಲೂ ಇಲ್ಲ. ಪರದೆಯನ್ನು ಕಂಬಿ ಸಮೇತ ಇಳಿಸಿ, ಮಡಚಿ ಮೂಲೆಗಿಟ್ಟೆ. ಅಣ್ಣ ಎದ್ದು ಚಪ್ಪಲಿ ಹಾಕಿಕೊಂಡು ಹೊರಟುಹೋದ.

ಆಕೆ ಡಬ್ಬಿ ತೆರೆದು ತೋರಿಸಿದಳು. ಶೇಂಗಾ ಹಿಂಡಿಯಲ್ಲ, ಎಣ್ಣೆ ಒಸರುವ ಕಂದು ಮಣ್ಣು. "ನೋಡ್ರಿ ತಂಗಿ, ಇದ ಆಗ್ತೈತಿ. ಎಷ್ಟ ಸಲ ತಿರವಿದ್ರೂ ಇದ. ಅದಕ್ಕ ಮತ್ತ ಮತ್ತ ತಿರವ್ತೇನಿ."

"ಒಳ್ಳಾಗ ಕುಟ್ರಿ ಅಕ್ಕಾರ. ಮಿಕ್ಸರ್ ಯಾಕ ಬೇಕು?"

"ಒಳ್ಳು ಹಳೆ ಮನ್ಯಾಗ ಉಳೀತ್ರಿ. ನೆಲದಾಗ ಹೂಳಿದ್ದರಿ ಅದು, ನಮ್ಮತ್ತಿ ಕಾಲದ್ದು. ಊರು ಏಳುಮುಂದ ಬಾಗಲಾ, ತೊಲಿ ಎಲ್ಲಾ ಕಿತಗೊಂಡು ಬಂದ್ವಿ. ಅದನ್ನ ಕೀಳಾಕ ಯಾರ ಬರ್ತಾರಂದ್ರು. ಈಗ ನೀರಾಗೈತಿ."

ಕೃಷ್ಣೆಯ ಹಿನ್ನೀರು ಬಂದು ಹಳೆಯ ಕೊಲ್ಹಾರ ಮುಳುಗಿದ್ದು, ಎಲ್ಲರೂ ಎತ್ತರದ ಹೊಸ ಊರಿಗೆ ಬಂದದ್ದು ನನಗೆ ಗೊತ್ತಿತ್ತು. ಆದರೆ ಆ ನೀರಿನ ಕೆಳಗೆ ಒಂದು ಅಡಿಗೆಮನೆ, ಅದರ ನೆಲದಲ್ಲಿ ಒಂದು ಒಳ್ಳು ಇದೆ ಎಂದು ಎಂದೂ ಯೋಚಿಸಿರಲಿಲ್ಲ. ಎರಡು ಸಲ ಆ ಮಿಕ್ಸರಿನ ತಂತಿ ಸುತ್ತುವಾಗ, ರುಬ್ಬಿದವಳಿಗೆ ಬುದ್ಧಿಯಿಲ್ಲ ಎಂದು ಬೈದುಕೊಂಡಿದ್ದೆ. ನಾಚಿಕೆಯಾಯಿತು. ಆಕೆಗೆ ಹಾಗೆಯೇ ಹೇಳಿದೆ, ಆಕೆ ನಕ್ಕಳು.

ಅವಳ ಮಿಕ್ಸರ್ ಸುಟ್ಟು ಬಿದ್ದಿತ್ತು. ಅಂಗಡಿಯಲ್ಲಿದ್ದ ಬೇರೊಂದು ಮಿಕ್ಸರ್ ಇಳಿಸಿದೆ, ಎದುರಿನ ಕಿರಾಣಿಯಿಂದ ಹುರಿದ ಶೇಂಗಾ ತರಿಸಿದೆ. ಗುಂಡಿಯನ್ನು ಎಲ್ಲರೂ ಬಲಕ್ಕೆ ತಿರುವುತ್ತಾರೆ. ಸೊನ್ನೆಯಿಂದ ಎಡಕ್ಕೂ ಅದು ತಿರುಗುತ್ತದೆ. ಎಡಕ್ಕೆ ಹಿಡಿದಷ್ಟು ಹೊತ್ತು ಓಡುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ.

"ಒಳ್ಳಾಗ ಕುಟ್ಟುಮುಂದ ಒಂದ ಪೆಟ್ಟು ಹಾಕಿ ಕೈ ಎತ್ತತೀರಿ ಹೌದಲ್ರಿ? ಹಂಗ ಮಾಡ್ರಿ. ಎಡಕ್ಕ ಒಮ್ಮೆ ತಿರವ್ರಿ, ಬಿಡ್ರಿ. ಮತ್ತೊಮ್ಮೆ ತಿರವ್ರಿ, ಬಿಡ್ರಿ. ಬಳ್ಳೊಳ್ಳಿ ಕಡೀಕ."

ಆಕೆಯ ಕೈಯನ್ನೇ ಗುಂಡಿಯ ಮೇಲೆ ಇರಿಸಿದೆ. ಮೊದಲು ಹೆದರಿದಳು. ಎರಡು ಪೆಟ್ಟಾದ ಮೇಲೆ ಅವಳ ಭುಜವೇ ಆ ಲಯ ಹಿಡಿಯಿತು. ಒನಕೆ ಹಿಡಿದವರಂತೆ ಬಾಗಿ ಬಾಗಿ ತಿರುವಿದಳು. ಹತ್ತು ಹನ್ನೆರಡು ಪೆಟ್ಟಿಗೆ ಮುಚ್ಚಳ ತೆಗೆದು, ಚಿಟಿಕೆ ಹಿಂಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ತರಿತರಿಯಾಗಿ, ಉದುರುದುರಾಗಿ ಬಂದಿತ್ತು.

"ಇದ ನೋಡ್ರಿ" ಎಂದಳು. "ಇದ ಹಿಂಡಿ."

ಸಂತೆಗೆ ಬಂದಿದ್ದ ಹೆಂಗಸರು ಕಟ್ಟೆಯ ಕೆಳಗೆ ನಿಂತು ನೋಡುತ್ತಿದ್ದರು. ನಾಲತವಾಡದ ಒಬ್ಬಾಕೆ ಅಲ್ಲಿಂದಲೇ ಕೂಗಿ ಕೇಳಿದಳು, "ಗುರೆಳ್ಳಿಗೂ ಎಡಕ್ಕ ಏನ್ರಿ?" ಮೇಲೆ ಬನ್ನಿ, ತೋರಿಸುತ್ತೇನೆ ಎಂದೆ. ಅವಳು ಅತ್ತಿತ್ತ ನೋಡಿ ಮೇಲೆ ಬಂದಳು. ಅವಳ ಹಿಂದೆ ಇನ್ನಿಬ್ಬರು.

ಅವತ್ತು ಸಂಜೆ ಅಂಗಡಿಯ ಬಾಗಿಲಿನ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: ರುಬ್ಬಿದವರೇ ಬರಬೇಕು. ಮರುದಿನ ಅಣ್ಣ ಒದ್ದೆ ಬಟ್ಟೆ ತಂದು ತಿಕ್ಕಿದ. ಹೋಗಲಿಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿದ. ಆಗಲೂ ಹೋಗಲಿಲ್ಲ. ಮೋಟರಿನ ತಂತಿಗೆ ಹಚ್ಚುವ ವಾರ್ನಿಶ್‌ನಲ್ಲಿ ಬರೆದಿದ್ದೆ. ಕಾದ ಮೋಟರಿನೊಳಗೆ ವರ್ಷಗಟ್ಟಲೆ ತಡೆಯುವುದು ಅವನ ಒದ್ದೆ ಬಟ್ಟೆಗೆ ಹೋಗುತ್ತದೆಯೇ?

"ನೀ ಕೂಡು ಹಂಗಾರ. ನೀನ ನಡಸು" ಎಂದು ಹೋದವನು ತಿಂಗಳು ಈ ಕಡೆ ಬರಲಿಲ್ಲ. ಕೆಲವು ಗಿರಾಕಿಗಳೂ ಬಿಟ್ಟರು. ಬಸ್ ಸ್ಟ್ಯಾಂಡಿನ ಹತ್ತಿರದ ಇನ್ನೊಬ್ಬ ಮಿಸ್ತ್ರಿ, ಆ ಅಂಗಡಿಯಲ್ಲಿ ಹೆಂಗಸರ ಪಂಚಾಯಿತಿ ನಡೆಯುತ್ತದೆ, ಕೆಲಸ ನಡೆಯುವುದಿಲ್ಲ ಎಂದು ಹೇಳಿಕೊಂಡು ತಿರುಗಿದ. ತಿರುಗಲಿ ಎಂದು ಬಿಟ್ಟೆ. ಗಲ್ಲೆಯ ಮೇಲೆ ನಾನೇ ಕುಳಿತೆ, ಅಪ್ಪ ಕೂಡುತ್ತಿದ್ದ ಕುರ್ಚಿಯಲ್ಲಿ. ಪರದೆಯನ್ನು ಮನೆಗೆ ಒಯ್ದು ಅವ್ವನ ಮುಂದಿಟ್ಟೆ. ಅವಳು ಅದನ್ನು ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದಳು.

ಹೆಂಗಸರು ಬರತೊಡಗಿದರು. ಒಂದೇ ಸಲ ಅಲ್ಲ. ಮೊದಲು ಗಂಡನ ಹಿಂದೆ ನಿಂತು, ಆಮೇಲೆ ಅತ್ತೆಯನ್ನು ಕರೆದುಕೊಂಡು, ಆಮೇಲೆ ಒಬ್ಬೊಬ್ಬರೇ. ಏನು ರುಬ್ಬಿದಿರಿ ಎಂದು ಕೇಳಿದರೆ ಎಲ್ಲರೂ ಹೇಳುವುದು ಒಂದೇ: "ಏನಿಲ್ರಿ, ಬರೇ ಪುಟಾಣಿ." ಮೆತ್ತನೆಯ ಪುಟಾಣಿಯಿಂದ, ಅಂದರೆ ಹುರಿಗಡಲೆಯಿಂದ, ಬ್ಲೇಡು ಮುರಿಯುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಜಾರು ಮೂಸಿ ಬೆಲ್ಲದ ಹೆಂಟೆ, ಒಣ ಕೊಬ್ಬರಿ ಗಿಟಕ, ಅರಿಷಿಣ ಕೊಂಬು ಎಂದು ಹೇಳಿಬಿಟ್ಟರೆ ಸಾಲಾಗಿ ಕುಳಿತವರೆಲ್ಲ ನಗುತ್ತಿದ್ದರು.

ಮಿಕ್ಸರಿನ ಹೆಸರಲ್ಲಿ ಬಂದವರು ಬೇರೆಯದನ್ನೂ ಕೇಳುತ್ತಿದ್ದರು. ಸಿಂದಗಿಯ ಒಬ್ಬ ಟೀಚರು ತಮ್ಮ ಟೇಪ್ ರೆಕಾರ್ಡರ್ ಹಾಡನ್ನು ನೀರಲ್ಲಿ ಮುಳುಗಿಸಿದ ಹಾಗೆ ಹಾಡುತ್ತದೆ ಎಂದು ತಂದರು. ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಹೇಗೆ ಒರೆಸಬೇಕೆಂದು ತೋರಿಸಿದೆ. ಬಾಗಿಲಿಗೆ ಮಣಿ ತೋರಣ ಹೆಣೆಯುವವರು ದಾರ ಹರಿಯುತ್ತದೆಂದು ಅಳುತ್ತಿದ್ದರು. ಸುತ್ತಿ ಉಳಿದ ಸಣ್ಣ ತಾಮ್ರದ ತಂತಿಯ ತುಣುಕು ಕೊಟ್ಟು, ಮೊದಲು ಮೇಣದ ಬಟ್ಟೆಯಲ್ಲಿ ಹಿಡಿದು ಎಳೆಯಿರಿ, ಗಂಟು ಬೀಳುವುದಿಲ್ಲ ಎಂದೆ. ಆ ತೋರಣಗಳು ಈಗಲೂ ಕೆಲವು ಬಾಗಿಲುಗಳಲ್ಲಿವೆ. ಇಂಡಿಯ ಕಡೆಯಿಂದ ಬಂದ ಹೆಂಗಸೊಬ್ಬಳು ಬೆಳ್ಳುಳ್ಳಿ ವಾಸನೆ ಹೋಗಲು ಹಿಂಡಿದ ನಿಂಬೆಯ ಸಿಪ್ಪೆಯನ್ನು ಜಾರಿನಲ್ಲಿ ನೀರು ಹಾಕಿ ತಿರುವಬೇಕೆಂದು ನನಗೇ ಕಲಿಸಿದಳು. ನಿಂಬೆ ಬೆಳೆಯುವ ಊರಿನವಳ ಮಾತು ಮೀರುವುದು ಹೇಗೆ? ಅದನ್ನೂ ಎಲ್ಲರಿಗೆ ಹಂಚಿದೆ.

ಎಲ್ಲ ಸಲಹೆಯೂ ಸರಿಯಾಗಿರಲಿಲ್ಲ. ಬ್ಲೇಡು ಹರಿತವಾಗಲು ಹರಳುಪ್ಪು ತಿರುವಿ ಎಂದು ಮುದ್ದೇಬಿಹಾಳದ ಒಬ್ಬ ಮುಸ್ಲಿಂ ಅಕ್ಕನಿಗೆ ಹೇಳಿದ್ದೆ. ಒದ್ದೆ ಜಾರಿನಲ್ಲಿ ತಿರುವಬಾರದು ಎಂದು ಹೇಳುವುದು ಮರೆತಿದ್ದೆ. ಉಪ್ಪು ಕರಗಿ ಬ್ಲೇಡಿನ ಬುಡಕ್ಕಿಳಿದು ಜಾರು ತಿರುಗದಂತೆ ಹಿಡಿದುಕೊಂಡಿತು. ಆಕೆ ಬಂದು, "ನೀವ ಹೇಳಿದ್ರಿ, ನಾ ಮಾಡಿದೆ" ಎಂದಳು. ತಪ್ಪು ನನ್ನದೆಂದು ಎಲ್ಲರ ಎದುರೇ ಒಪ್ಪಿಕೊಂಡು ಬ್ಲೇಡು ತಿರುಗುವ ಬುಶ್ ಬದಲಿಸಿ ಕೊಟ್ಟೆ. ಮುಂದಿನ ರಮಜಾನ್‌ಗೆ ಆಕೆ ಶೀರ್‌ಕುರ್ಮಾ ಕಳಿಸಿದಳು. ತಪ್ಪಾಯಿತೆಂದು ಬಾಯಿ ಮುಚ್ಚಿಕೊಳ್ಳುವ ಜಾತಿ ನನ್ನದಲ್ಲ. ಅವತ್ತಿನಿಂದ "ಒಣ ಜಾರಿನ್ಯಾಗ" ಎಂದು ಎರಡು ಸಲ ಹೇಳತೊಡಗಿದೆ.

ತಿಂಗಳಾದ ಮೇಲೆ ಅಣ್ಣ ಬಂದ. ಅಂಗಡಿ ಮುಚ್ಚಿರಬಹುದು ಎಂದುಕೊಂಡಿದ್ದನೋ ಏನೋ. ಬೆಂಚಿನ ಮೇಲೆ ಆರು ಹೆಂಗಸರು ಕುಳಿತಿದ್ದರು. ಅವನಿಗೆ ಕೂಡಲು ಜಾಗ ಇರಲಿಲ್ಲ. ಒಳಗೆ ಹೋಗಿ ಪಂಪಿನ ಮೋಟರ್ ಬಿಚ್ಚಲು ಶುರುಮಾಡಿದ. ಆ ದಿನದಿಂದ ಅವನು ಒಳಗೆ, ನಾನು ಹೊರಗೆ.

ಅವ್ವ ಮಾತ್ರ ಜಗ್ಗಲಿಲ್ಲ. ನಾಲ್ಕು ವರ್ಷ ಅಂಗಡಿಯ ಹೆಸರೆತ್ತಲಿಲ್ಲ. ಸಂತೆಗೆ ಹೋದರೂ ನಮ್ಮ ಸಾಲು ಬಿಟ್ಟು ಸುತ್ತುಬಳಸಿ ಹೋಗುತ್ತಿದ್ದಳು. ಮನೆಗೆ ಬಂದ ನೆಂಟರು ನನ್ನನ್ನು ಹೊಗಳಿದರೆ, ಒಲೆಯ ಮುಂದೆ ಕೆಲಸವಿದೆಯೆಂದು ಎದ್ದು ಹೋಗುತ್ತಿದ್ದಳು. ಊರಿಗೆಲ್ಲ ಸಲಹೆ ಕೊಡುವವಳು ನಾನು. ಸ್ವಂತ ಅವ್ವನ ಒಂದು ನೋಟಕ್ಕೆ ಕಾಯುತ್ತಿದ್ದೆ. ಅದು ಸಿಗದೆ ಎಷ್ಟೋ ಸಲ ಅತ್ತಿದ್ದೇನೆ.

ಒಂದು ಬೆಳಿಗ್ಗೆ ಮನೆಯ ಮಿಕ್ಸರ್ ನಿಂತುಹೋಯಿತು. "ಕೊಡವ್ವ, ಹೋಗುಮುಂದ ಒಯ್ತೇನಿ" ಎಂದೆ. "ಇರ್ಲಿ" ಎಂದಳು ಅಷ್ಟೆ.

ಮೂರು ದಿನಕ್ಕೆ ಸಂತೆ. ಬೆಂಚು ತುಂಬಿತ್ತು. ತಲೆ ಎತ್ತಿ ನೋಡಿದರೆ ಅವ್ವ ಕಟ್ಟೆ ಹತ್ತುತ್ತಿದ್ದಾಳೆ, ಕಂಕುಳಲ್ಲಿ ದೊಡ್ಡ ಗಂಟು. ಒಳಗಿನಿಂದ ಅಣ್ಣ ಓಡಿ ಬಂದ.

"ಯವ್ವಾ, ಮನ್ಯಾಗ ಕೊಟ್ಟಿದ್ರ ನಾವ ತರ್ತಿದ್ದಿಲ್ಲೇನ?"

"ಹೊರಗ ಗ್ವಾಡಿ ಮ್ಯಾಲ ಏನ್ ಬರದೀರಿ, ನೀನ ಓದಕೋ."

"ನಿನಗೆಲ್ಲಿ ಓದಾಕ ಬರ್ತೈತಿ?"

"ನಾಕ ವರ್ಷ ಆತು, ಓಣ್ಯಾಗ ಮಂದಿ ಅದನ್ನ ಅನ್ನೂದು ಕೇಳಕೋತನ ಬಂದೇನಿ" ಎಂದಳು ಅವ್ವ.

ಅವಳು ಬೆಂಚಿನ ತುದಿಯಲ್ಲಿ, ಎಲ್ಲರಿಗಿಂತ ಕೊನೆಗೆ ಕುಳಿತಳು. ಮೊದಲು ಕರೆದೆ, ಬರಲಿಲ್ಲ. ಪಾಳಿ ಬಂದಾಗಲೇ ಎದ್ದು ಬಂದು ಗಂಟು ಬಿಚ್ಚಿದಳು. ಮಿಕ್ಸರ್ ಕಟ್ಟಿ ತಂದಿದ್ದ ಬಟ್ಟೆ ಹಸಿರು ಇಳಕಲ್. ಅಂಚಿನಲ್ಲಿ ಅವಳದೇ ಕೈಹೊಲಿಗೆ. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು.

ಎಲ್ಲರಿಗೂ ಕೇಳುವುದನ್ನೇ ಕೇಳಿದೆ. "ಏನ್ ರುಬ್ಬಿದ್ದಿ?"

"ಏನಿಲ್ಲ. ಬರೇ ಪುಟಾಣಿ."

ಜಾರು ಮೂಸಿದೆ. "ಅರಿಷಿಣ ಕೊಂಬು" ಎಂದೆ. ಬೆಂಚೆಲ್ಲ ನಕ್ಕಿತು. ಅವ್ವ ನಗದೆ ಮುಖ ಬಿಗಿದುಕೊಂಡು ನಿಂತಳು, ಆದರೆ ಮೂಗಿನ ತುದಿ ಕುಣಿಯಿತು. ಮಿಕ್ಸರನ್ನು ಬೋರಲು ಹಾಕಿದೆ. ಕೆಂಪು ಗುಂಡಿ ಹೊರಗೆ ಬಂದಿತ್ತು. ಅದನ್ನು ಒತ್ತಿದರೆ ಮುಗಿಯುತ್ತದೆಂದು ನಮ್ಮ ಮನೆಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಅವ್ವನ ಎದುರಿಗೇ ಊಟದ ಹೊತ್ತಿನಲ್ಲಿ ನೂರು ಸಲ ಹೇಳಿದ್ದೆ.

"ನೀನ ಒತ್ತವ್ವ" ಎಂದೆ.

ಅವ್ವ ಹೆಬ್ಬೆರಳಿನಿಂದ ಒತ್ತಿದಳು. ಮಿಕ್ಸರನ್ನು ತಿರುಗಿ ಕಟ್ಟಿಕೊಂಡು ಮನೆಗೆ ಹೊರಡುತ್ತಾಳೆ ಎಂದುಕೊಂಡೆ. ಹೊರಡಲಿಲ್ಲ. ಬೆಂಚಿನ ಮೇಲೆ ಹೋಗಿ ಕುಳಿತಳು. ಆಗಷ್ಟೇ ಬಂದು ಪಕ್ಕದಲ್ಲಿ ಕುಳಿತಿದ್ದ, ಯಾವ ಊರಿನವಳೋ ಏನೋ, ಒಬ್ಬ ಹುಡುಗಿಯ ಜಾರನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದಳು.

"ಅರಿಷಿಣ ಹಾಂಗ ಇಡೀ ಹಾಕಬಾರ್ದವ್ವ" ಎಂದಳು. "ಮೊದಲ ಒಳ್ಳಾಗ ಜಜ್ಜಿ ಸಣ್ಣ ಮಾಡ್ಕೋ. ಆಮ್ಯಾಲ ಎಡಕ್ಕ ತಿರುವು."